ಬೆನ್ನ ಮೇಲಿನ ನೀರು

ಚಾರಣ ಎಂದ ಕೂಡಲೇ ಕನ್ನಡಿಗರಾದ ನಮಗೆ ನೆನಪಾಗುವುದು ಕುಮಾರಪರ್ವತ, ಕುದುರೆಮುಖ, ಮುಳ್ಳಯ್ಯನಗಿರಿ. ಮಂಜು, ಜಿಗಣೆ, ದಾರಿಯುದ್ದಕ್ಕೂ ತೊರೆಗಳು. ಆದರೆ ಇಬ್ರಿಯಲ್ಲಿರುವ ನಮಗೆ ಇವೆಲ್ಲಕ್ಕಿಂತ ಎತ್ತರದ ಬೆಟ್ಟವೊಂದು ಹತ್ತಿರದಲ್ಲೇ ಇದೆ. ಬಹ್ಲಾ, ಅಲ್ ಹಮ್ರಾ ದಾಟಿ ಹೋದರೆ ಸಿಗುವ ಜಬಲ್ ಶಮ್ಸ್, ಅಂದರೆ ಸೂರ್ಯನ ಬೆಟ್ಟ, ಸುಮಾರು 3000 ಮೀಟರ್ ಎತ್ತರವಿದೆ. ನಮ್ಮ ಮುಳ್ಳಯ್ಯನಗಿರಿ 2000 ಮೀಟರನ್ನೂ ಮುಟ್ಟುವುದಿಲ್ಲ!

ಹಜರ್ ಪರ್ವತಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಜನರೂ ಕತ್ತೆಗಳೂ ನಡೆದ ಹಳೆಯ ಕಾಲುದಾರಿಗಳಿವೆ. ಅವುಗಳಲ್ಲಿ ಕೆಲವಕ್ಕೆ ಪ್ರವಾಸೋದ್ಯಮ ಸಚಿವಾಲಯವು ಸಂಖ್ಯೆ ಕೊಟ್ಟು, ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟಿಗಳನ್ನು ಬಳಿಸಿದೆ. ಡಬ್ಲ್ಯೂ 6 ಎಂಬ ದಾರಿ ವಾದಿ ನಖರ್ ಕಮರಿಯ ಅಂಚಿನಲ್ಲಿ ಸಾಗಿ, ಚಾಚಿದ ಬಂಡೆಯ ನೆರಳಲ್ಲಿ ಕಟ್ಟಿದ, ಈಗ ಯಾರೂ ವಾಸಿಸದ ಸಾಬ್ ಎಂಬ ಹಳ್ಳಿಯನ್ನು ಮುಟ್ಟುತ್ತದೆ. ಅರ್ಧ ದಿನದಲ್ಲಿ ಹೋಗಿ ಬರಬಹುದು. ಡಬ್ಲ್ಯೂ 4 ಹಾಗಲ್ಲ. ಅದು 2997 ಮೀಟರಿನ ದಕ್ಷಿಣ ಶಿಖರಕ್ಕೆ ಏರುತ್ತದೆ. ಅನೇಕರು ಡೇರೆ ಹೊತ್ತುಕೊಂಡು ಹೋಗಿ ರಾತ್ರಿ ಮೇಲೆಯೇ ಉಳಿಯುತ್ತಾರೆ.

ಇಲ್ಲಿಯೇ ಬೆನ್ನಿನ ಚೀಲದ ಲೆಕ್ಕ ಶುರುವಾಗುತ್ತದೆ. ಕುಮಾರಪರ್ವತ ಹತ್ತಿದವರು ಎಷ್ಟೋ ವರ್ಷ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮಾಡಿ ಮುಂದೆ ಹೋಗಿದ್ದಾರೆ. ಇಲ್ಲಿ ಶಿಖರದ ದಾರಿಯಲ್ಲಿ ಭಟ್ಟರೂ ಇಲ್ಲ, ನಂಬಬಹುದಾದ ನೀರೂ ಇಲ್ಲ. ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದರೆ ಎರಡು ದಿನಕ್ಕೆ 8 ಲೀಟರ್, ಅಂದರೆ 8 ಕಿಲೋ. ಡೇರೆ, ಹಾಸಿಗೆ, ಊಟ ಇನ್ನೂ ಸೇರಿಲ್ಲ. ಶಾಲಾ ಚೀಲದ ತೂಕ ಮಗುವಿನ ತೂಕದ ಶೇ. 10ನ್ನು ಮೀರಬಾರದು ಎಂದು ಭಾರತದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. 40 ಕಿಲೋ ತೂಗುವ ಹುಡುಗನಿಗೆ ಅದು 4 ಕಿಲೋ ಮಾತ್ರ. ಅವನ ನೀರನ್ನು ಹೊರಲು ಅಪ್ಪನೇ ಬೇಕಾಗುತ್ತದೆ! ಆದ್ದರಿಂದ ಮಕ್ಕಳಿರುವ ಮನೆಯವರು ಡಬ್ಲ್ಯೂ 6ರಿಂದ ಆರಂಭಿಸುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಯೂ ಕಮರಿಯ ಕಡೆಗೆ ದೊಡ್ಡವರು, ಗೋಡೆಯ ಕಡೆಗೆ ಮಕ್ಕಳು ನಡೆಯಬೇಕು.

ಭಾರವಾದ ವಸ್ತುವನ್ನು ಚೀಲದ ತಳದಲ್ಲಿ ತುರುಕುವವರೇ ಹೆಚ್ಚು. ಅದು ಬೆನ್ನಿಗೆ ಅಂಟಿಕೊಂಡು, ನಡುಮಟ್ಟದಲ್ಲಿ ಇರಬೇಕು. ದೂರವಿದ್ದಷ್ಟೂ ಅದು ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನಾವು ಮುಂದಕ್ಕೆ ಬಾಗುತ್ತೇವೆ, ಸೊಂಟ ನೋಯುತ್ತದೆ. ಸೊಂಟದ ಪಟ್ಟಿಯನ್ನು ಬಿಗಿದರೆ ಭಾರ ಹೆಗಲಿನಿಂದ ಕಾಲುಗಳಿಗೆ ಇಳಿಯುತ್ತದೆ.

ಚಳಿಯನ್ನು ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರತಿ 1000 ಮೀಟರ್ ಏರಿದಂತೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಇಬ್ರಿಯಲ್ಲಿ ಫ್ಯಾನ್ ಹಾಕಿ ಮಲಗುವ ದಿನವೇ ಶಿಖರದಲ್ಲಿ ಉಣ್ಣೆಯ ಅಂಗಿ ಬೇಕಾಗಬಹುದು. ಜನವರಿಯ ರಾತ್ರಿಗಳಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುವುದೂ ಉಂಟು.

ಎಲ್ಲಕ್ಕಿಂತ ಗಂಭೀರವಾದದ್ದು ವಾದಿ. ಒಣಗಿದ, ಸಮತಟ್ಟಾದ ಮರಳು ಡೇರೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಬೋಳು ಬಂಡೆ ನೀರನ್ನು ಹೀರುವುದಿಲ್ಲ. ದೂರದ ಬೆಟ್ಟದಲ್ಲಿ ಸುರಿದ ಮಳೆ, ನಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಪ್ರವಾಹವಾಗಿ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನವನ್ನೇ ಅಂಥ ನೀರು ಕೊಚ್ಚಿಕೊಂಡು ಹೋಯಿತು. ಆ ಮಕ್ಕಳೂ ನಮ್ಮ ಮಕ್ಕಳ ವಯಸ್ಸಿನವರೇ. ಪೋಷಕರೇ, ಹೊರಡುವ ಮುನ್ನ ಹವಾಮಾನ ಸೂಚನೆ ನೋಡಿರಿ, ಎತ್ತರದ ಜಾಗದಲ್ಲೇ ಡೇರೆ ಹಾಕಿರಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ನೆರೆಮನೆಯವರಿಗೆ ತಿಳಿಸಿರಿ. ತುರ್ತು ಸಂಖ್ಯೆ 9999. ಕಮರಿಯೊಳಗೆ ಮೊಬೈಲ್ ಸಂಕೇತ ಸಿಗದಿರಬಹುದು, ಆದ್ದರಿಂದ ಕುತ್ತಿಗೆಗೆ ಒಂದು ಸೀಟಿಯೂ ಇರಲಿ.

ಇನ್ನು ಮೇಕೆಗಳ ವಿಷಯ. ಜಬಲ್ ಶಮ್ಸ್‌ನ ಮೇಕೆಗಳಿಗೆ ಪ್ರವಾಸಿಗರ ಭಯವಿಲ್ಲ. ಬುತ್ತಿಯನ್ನು ಬಂಡೆಯ ಮೇಲಿಟ್ಟು ಫೋಟೋ ತೆಗೆಯಲು ತಿರುಗಿದಿರೋ, ಚಪಾತಿ ಅವುಗಳದು!