ಮಾಣಿ ಬಾಧ್ಯನಾಗುವ ಬಗೆ: ಯೌವನಸ್ಥರ ಸ್ವನಿರ್ಣಯವೂ ಸಭೆಯ ಕರ್ತವ್ಯವೂ

ಕುಂದಾಪುರದ ಕನ್ನಡದಲ್ಲಿ ಹುಡುಗನನ್ನು ‘ಮಾಣಿ’ ಎನ್ನುತ್ತಾರೆ. ಹೋಟೆಲಿನಲ್ಲಿ ಮೇಜಿಗೆ ತಿಂಡಿ ತಂದಿಡುವವನಿಗೂ ಅದೇ ಹೆಸರು. ಉಡುಪಿ ಜಿಲ್ಲೆಯ ಉತ್ತರದ ಗಡಿಯಲ್ಲಿ, ಭಟ್ಕಳಕ್ಕೆ ಮುನ್ನ ಸಿಗುವ ಶಿರೂರಿನಿಂದ ಹಿಡಿದು ಬೈಂದೂರು, ಕುಂದಾಪುರ, ಬ್ರಹ್ಮಾವರದವರೆಗಿನ ಕರಾವಳಿಯ ಎಷ್ಟೋ ಜನರ ಬಾಳು ಈ ಎರಡು ಅರ್ಥಗಳ ನಡುವೆಯೇ ಕಳೆದಿದೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗುವುದಕ್ಕೆ ಬಹಳ ಮುಂಚೆಯೇ ಇಲ್ಲಿಯ ಹುಡುಗರು ಮುಂಬಯಿಗೆ ಹೋಗಿ ಉಡುಪಿ ಹೋಟೆಲುಗಳಲ್ಲಿ ದುಡಿದರು. ಮನೆಯಲ್ಲಿ ಮಾಣಿಯಾಗಿದ್ದವನು ಅಲ್ಲಿಯೂ ಮಾಣಿಯಾದನು. ಮೀಸೆ ಬಂದ ಮೇಲೆಯೂ, ಊರಿಗೆ ಹಣ ಕಳುಹಿಸಿ ತಂಗಿಯ ಮದುವೆ ಮಾಡಿದ ಮೇಲೆಯೂ ಆ ಹೆಸರು ಹೋಗಲಿಲ್ಲ.

ಇಂದು ಇದೇ ಊರುಗಳ ಯುವಕ ಯುವತಿಯರು ಬೆಂಗಳೂರಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋಗುತ್ತಿದ್ದಾರೆ. ದಾರಿ ಬದಲಾದರೂ ಪ್ರಶ್ನೆ ಬದಲಾಗಿಲ್ಲ. ಮಾಣಿಯು ಎಂದು, ಹೇಗೆ ತನ್ನ ಬಾಳಿಗೆ ತಾನೇ ಹೊಣೆಗಾರನಾಗುತ್ತಾನೆ? ಕರಾವಳಿಯ ಸಭೆಗಳಲ್ಲಿ ಸೇವೆ ಮಾಡುವ ಯಾವ ಸಭಾಪಾಲಕನೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರನು. ಮಗನು ಓದು ಬಿಟ್ಟು ಬೇರೆ ಉದ್ಯೋಗ ಹಿಡಿಯುತ್ತೇನೆಂದಾಗ, ಮಗಳು ತಾನು ಮೆಚ್ಚಿದವನನ್ನೇ ವರಿಸುತ್ತೇನೆಂದಾಗ ತಂದೆತಾಯಂದಿರು ಬಂದು, “ಅಯ್ಯನವರೇ, ನೀವಾದರೂ ಒಂದು ಮಾತು ಹೇಳಿ” ಎನ್ನುತ್ತಾರೆ. ಆ ಒಂದು ಮಾತು ಯಾವುದಾಗಿರಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಹೊರಟುಹೋದ ಮಾತ್ರಕ್ಕೆ

ಮನೆ ಬಿಟ್ಟು ಹೊರಡುವುದೇ ಸ್ವಾತಂತ್ರ್ಯವೆಂದು ಯೌವನಸ್ಥರು ಭಾವಿಸುವುದುಂಟು. ಹೊರಡುವುದೇ ನಾಶವೆಂದು ಹಿರಿಯರು ಹೆದರುವುದೂ ಉಂಟು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿರುವ ಇಬ್ಬರು ಮಕ್ಕಳ ಸಾಮ್ಯವು ಈ ಎರಡು ಎಣಿಕೆಗಳನ್ನೂ ಒಪ್ಪುವುದಿಲ್ಲ. ಕಿರಿಯ ಮಗನು ತನ್ನ ಪಾಲನ್ನು ಕೈಗೆ ತೆಗೆದುಕೊಂಡು ದೂರದೇಶಕ್ಕೆ ಹೋದನು. ಆಸ್ತಿಯು ಅವನ ವಶಕ್ಕೆ ಬಂದಿತು, ಆದರೆ ಅವನು ತನ್ನ ವಶದಲ್ಲಿರಲಿಲ್ಲ. ಬರಗಾಲ ಬಂದಾಗ ಮತ್ತೊಬ್ಬನ ಹಂದಿಗಳನ್ನು ಕಾಯುವ ಆಳಾದನು. 17ನೆಯ ವಚನದಲ್ಲಿ ಲೂಕನು ಬಳಸುವ ಗ್ರೀಕ್ ಮಾತಿಗೆ ‘ತನ್ನೊಳಗೆ ತಾನು ಬಂದು’ ಎಂಬುದು ಅಕ್ಷರಶಃ ಅರ್ಥ. ಅವನು ತನ್ನ ಬಾಳಿನ ಹೊಣೆಯನ್ನು ಹೊತ್ತದ್ದು ಮನೆ ಬಿಟ್ಟ ದಿನವಲ್ಲ, ತನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡು ಎದ್ದ ಆ ಗಳಿಗೆಯಲ್ಲಿ.

ಹಿರಿಯ ಮಗನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅವನು ಎಲ್ಲಿಯೂ ಹೋಗಲಿಲ್ಲ, ಯಾವ ಅಪ್ಪಣೆಯನ್ನೂ ಮೀರಲಿಲ್ಲ. ಆದರೆ ತಂದೆಯ ಮನೆಯಲ್ಲಿ ತಾನು ಕಳೆದ ವರ್ಷಗಳನ್ನು ವರ್ಣಿಸುವಾಗ ದಾಸನ ಮಾತನ್ನೇ ಆಡುತ್ತಾನೆ. ಅವನು ಉಳಿದದ್ದು ನಿರ್ಣಯದಿಂದಲ್ಲ, ರೂಢಿಯಿಂದ. ಎಲ್ಲವೂ ತನ್ನದೇ ಆಗಿದ್ದ ಮನೆಯಲ್ಲಿ ಅವನು ಮಾಣಿಯಾಗಿಯೇ ಉಳಿದನು. ನಮ್ಮ ಸಭೆಗಳಲ್ಲಿ ಪ್ರತಿ ಭಾನುವಾರ ತಪ್ಪದೆ ಬರುವ, ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಯೌವನಸ್ಥರನ್ನು ಕಂಡು ನಾವು ಸಂತೋಷಪಡುತ್ತೇವೆ. ಅವರಲ್ಲಿ ಎಷ್ಟು ಮಂದಿ ಈ ಹಿರಿಯ ಮಗನ ಸಂಕಟವನ್ನು ಒಳಗೇ ಹೊತ್ತಿದ್ದಾರೆಂದು ನಾವು ವಿಚಾರಿಸುವುದಿಲ್ಲ.

ಇದೇ ಕರಾವಳಿಯ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟವರು. ಅವರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಒಂದೇ ಮನೆತನದ ಲಚ್ಚನು ವಿದ್ಯೆಗೆಂದು ಹೊರಗೆ ಹೋಗಿ ದಾರಿತಪ್ಪುತ್ತಾನೆ. ಅವನ ಮಗ ರಾಮನು ಹೊರಗಿನ ಲೋಕವನ್ನು ಕಂಡು ಬಂದು ಊರಿನ ಮಣ್ಣನ್ನೇ ಆರಿಸಿಕೊಳ್ಳುತ್ತಾನೆ. ಹೋಗುವುದರಂತೆ ಮರಳುವುದೂ ಒಂದು ನಿರ್ಣಯವಾಗಬಲ್ಲದೆಂಬುದನ್ನು ಈ ಕರಾವಳಿಯ ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಬಾಧ್ಯ ಎಂಬ ಪದ

ಗ್ರೀಕಿನ ‘ಪಾಯ್ಸ್’ ಎಂಬ ಪದಕ್ಕೂ ನಮ್ಮ ‘ಮಾಣಿ’ಯಂತೆಯೇ ಹುಡುಗ, ಸೇವಕ ಎಂಬ ಎರಡೂ ಅರ್ಥಗಳುಂಟು. ಗಲಾತ್ಯದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ ಆರಂಭದಲ್ಲಿ ಪೌಲನು ಬೇರೊಂದು ಪದವನ್ನು ಬಳಸಿದರೂ ಈ ಸಾಮ್ಯವನ್ನೇ ಹಿಡಿಯುತ್ತಾನೆ. ಬಾಧ್ಯನು ಬಾಲಕನಾಗಿರುವ ತನಕ, ಎಲ್ಲಕ್ಕೂ ಒಡೆಯನಾಗಿದ್ದರೂ, ಅವನಿಗೂ ದಾಸನಿಗೂ ವ್ಯತ್ಯಾಸವಿಲ್ಲ. ತಂದೆ ಗೊತ್ತುಮಾಡಿದ ಕಾಲದ ವರೆಗೆ ಅವನು ಪಾಲಕರ ಅಧೀನದಲ್ಲಿರುತ್ತಾನೆ. ಇದಕ್ಕೆ ಮುಂಚಿನ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಹೋಲಿಸಿರುವ ‘ಪಾಯ್ದಗೋಗೋಸ್’ ಎಂಬವನು ಪಾಠ ಹೇಳುವ ಗುರುವಲ್ಲ. ಹುಡುಗನನ್ನು ಶಾಲೆಗೆ ಕರೆದೊಯ್ದು ಕರೆತರುವ, ಅವನ ನಡತೆಯ ಮೇಲೆ ಕಣ್ಣಿಡುವ ಮನೆಯ ದಾಸನು. ಹುಡುಗನು ಬೆಳೆದ ಬಳಿಕ ಅವನ ಕೆಲಸ ಮುಗಿಯುತ್ತದೆ. ಇಪ್ಪತ್ತೈದರ ಮಗನ ಕೈಹಿಡಿದು ಶಾಲೆಗೆ ನಡೆಸುವ ದಾಸನನ್ನು ಊಹಿಸಿಕೊಂಡರೆ, ಪೌಲನು ಗಲಾತ್ಯದವರಲ್ಲಿ ಕಂಡ ಅಸಂಗತ ಸ್ಥಿತಿಯು ಅರ್ಥವಾಗುತ್ತದೆ.

ಇಲ್ಲಿ ಕನ್ನಡ ಸತ್ಯವೇದದ ‘ಬಾಧ್ಯ’ ಎಂಬ ಪದವು ನಮಗೆ ಒಂದು ಉಪಕಾರವನ್ನು ಮಾಡಿದೆ. ಆಸ್ತಿಗೆ ಹಕ್ಕುಳ್ಳವನು ಬಾಧ್ಯನು. ‘ಬಾಧ್ಯತೆ’ ಎಂದರೆ ಹೊರಬೇಕಾದ ಹೊಣೆ. ಹಕ್ಕೂ ಹೊಣೆಯೂ ಒಂದೇ ಪದದಲ್ಲಿ ಕೂಡಿವೆ. ಯೌವನಸ್ಥನಿಗೆ ಹೊಣೆಯನ್ನು ಮಾತ್ರ ಹೊರಿಸಿ ಹಕ್ಕನ್ನು ಕೊಡದಿದ್ದರೆ ಅವನು ಆಳಾಗುತ್ತಾನೆ; ಹಕ್ಕನ್ನು ಮಾತ್ರ ಕೊಟ್ಟು ಹೊಣೆಯನ್ನು ಕಲಿಸದಿದ್ದರೆ ದೂರದೇಶದ ಕಿರಿಯ ಮಗನಾಗುತ್ತಾನೆ.

ಇದೇ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲಗಳ ಕೊನೆಗೆ ಬರುವ ‘ಶಮೆದಮೆ’ಗೆ ಮೂಲದಲ್ಲಿ ‘ಎಂಕ್ರಾಟೆಯಾ’ ಎಂದಿದೆ. ತನ್ನ ಮೇಲೆ ತನಗೇ ಹಿಡಿತವಿರುವುದು ಎಂದು ಅದರ ಭಾವ. ಸ್ವಾತಂತ್ರ್ಯಕ್ಕೆ ಕರೆಯಲ್ಪಟ್ಟವರಿಗೆ ಆತ್ಮನು ಕೊಡುವ ವರಗಳಲ್ಲಿ ಈ ಹಿಡಿತವೂ ಒಂದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ನಿದ್ದೆಯನ್ನು ತಡೆದು ಅಕ್ಷರ ಕಲಿತ ಹುಡುಗರು ಈ ಗ್ರೀಕ್ ಪದವನ್ನು ಕೇಳಿರಲಿಕ್ಕಿಲ್ಲ; ಅದು ಹೇಳುವ ಹಿಡಿತವನ್ನು ಅವರು ಬಲ್ಲವರಾಗಿದ್ದರು. ಯಾರೂ ಅವರನ್ನು ಶಾಲೆಗೆ ಕೈಹಿಡಿದು ನಡೆಸಲಿಲ್ಲ. ಮಾಣಿಯೊಳಗಿನ ಬಾಧ್ಯನು ಎದ್ದು ನಿಲ್ಲುವ ಬಗೆ ಇದು.

ಅವನನ್ನೇ, ಅವಳನ್ನೇ ಕೇಳುವುದು

ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನ ತಂದೆತಾಯಿಗಳನ್ನು ಯೆಹೂದ್ಯರು ವಿಚಾರಣೆಗೆ ಕರೆಯುತ್ತಾರೆ. ಮಗನು ಪ್ರಾಯಕ್ಕೆ ಬಂದವನು, ತನ್ನ ವಿಷಯವನ್ನು ತಾನೇ ಹೇಳುವನು, ಅವನನ್ನೇ ವಿಚಾರಿಸಬಹುದು ಎಂಬುದು ಅವರ ಉತ್ತರ. ಮಾತು ಸರಿಯಾದುದೇ. ಆದರೆ ಸಭಾಮಂದಿರದಿಂದ ಬಹಿಷ್ಕೃತರಾಗುವ ಭಯದಿಂದ ಅವರು ಹಾಗೆ ನುಡಿದರೆಂದು ಸುವಾರ್ತಿಕನು ಕೂಡಲೆ ತಿಳಿಸುತ್ತಾನೆ. ಮಗನಿಗೆ ಉತ್ತರಿಸುವ ಹಕ್ಕನ್ನು ಕೊಟ್ಟಂತೆ ಕಂಡರೂ, ಅವರು ನಿಜವಾಗಿ ಅವನನ್ನು ಒಂಟಿಯಾಗಿ ಬಿಟ್ಟರು. ‘ನಿನ್ನಿಷ್ಟ, ಏನಾದರೂ ಮಾಡಿಕೋ’ ಎಂದು ಕೈತೊಳೆದುಕೊಳ್ಳುವ ಪಾಲಕರ ಮಾತಿನಲ್ಲಿಯೂ ಇದೇ ದೋಷವಿದೆ.

ಆ ಮಗನೋ ತನ್ನ ಬಾಯಿಂದಲೇ ಉತ್ತರ ಕೊಟ್ಟನು. ತನಗೆ ತಿಳಿಯದ್ದನ್ನು ತಿಳಿಯದೆಂದನು, ತಿಳಿದ ಒಂದು ಸಂಗತಿಯನ್ನು ಬಿಟ್ಟುಕೊಡಲಿಲ್ಲ. ಅದಕ್ಕಾಗಿ ಹೊರಗೆ ಹಾಕಲ್ಪಟ್ಟನು. 35ನೆಯ ವಚನದಲ್ಲಿ ಯೇಸು ಅದನ್ನು ಕೇಳಿ ಅವನನ್ನು ಕಂಡುಕೊಳ್ಳುತ್ತಾನೆ. ತನ್ನ ಮಾತಿಗೆ ತಾನೇ ನಿಂತವನನ್ನು ಹುಡುಕಿಕೊಂಡು ಹೋಗುವ ಕರ್ತನಿವನು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಆದಿಕಾಂಡದ 24ನೆಯ ಅಧ್ಯಾಯದಲ್ಲಿ ರೆಬೆಕ್ಕಳ ಅಣ್ಣನೂ ತಾಯಿಯೂ ಹೊರಡುವ ಸಮಯದಲ್ಲಿ ಅವಳನ್ನೇ ಕರೆದು ಕೇಳುತ್ತಾರೆ; ಹೋಗುತ್ತೇನೆಂದು ಅವಳೇ ಹೇಳುತ್ತಾಳೆ. ಪಿತೃಪ್ರಧಾನವಾದ ಆ ಲೋಕದಲ್ಲಿಯೂ ಆ ಪ್ರಶ್ನೆಗೆ ಎಡೆಯಿತ್ತು. ನಮ್ಮ ದೇಶದ ಕಾನೂನು 18 ವರ್ಷ ತುಂಬಿದವರನ್ನು ಪ್ರಾಪ್ತವಯಸ್ಕರೆಂದು ಎಣಿಸುತ್ತದೆ. ಕೇರಳದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಯುವತಿಯನ್ನೇ ಕರೆಸಿ ಅವಳ ಮಾತನ್ನು ಕೇಳಿತು. 2018ರಲ್ಲಿ ಅವಳ ವಿವಾಹವನ್ನು ರದ್ದುಗೊಳಿಸಿದ್ದ ಉಚ್ಚ ನ್ಯಾಯಾಲಯದ ತೀರ್ಪನ್ನು ತಳ್ಳಿಹಾಕಿತು. ಆ ಯುವತಿ ಆರಿಸಿಕೊಂಡದ್ದು ನಮ್ಮ ನಂಬಿಕೆಯನ್ನಲ್ಲ. ಆದರೂ ಪ್ರಾಪ್ತವಯಸ್ಕಳಾದವಳನ್ನೇ ಕೇಳಬೇಕೆಂಬ ನ್ಯಾಯವು ನಮಗೆ ಅನುಕೂಲವಾದಾಗ ಮಾತ್ರ ನಾವು ಎತ್ತಿಹಿಡಿಯತಕ್ಕದ್ದಲ್ಲ.

1844ರ ಮಂಗಳೂರು

ಕನ್ನಡ ಕ್ರೈಸ್ತಸಭೆಯ ಚರಿತ್ರೆಯ ಆರಂಭದಲ್ಲಿಯೇ ಈ ಪ್ರಶ್ನೆ ಎದ್ದಿತ್ತು. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಆನಂದರಾವ್ ಕೌಂಡಿನ್ಯರು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರ ಶಿಷ್ಯರಾಗಿದ್ದರು. 1844ರ ಜನವರಿಯಲ್ಲಿ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಹೊಂದಿದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಹತ್ತೊಂಬತ್ತು ತುಂಬದ ಹುಡುಗನ ಈ ನಿರ್ಣಯ ಅವನದೋ, ಅವನ ಗುರುವಿನದೋ?

ಈ ಪ್ರಶ್ನೆಯನ್ನು ವಿರೋಧಿಗಳದೆಂದು ತಳ್ಳಿಬಿಡುವುದು ನಮಗೆ ಸುಲಭ. ಆದರೆ ಅದು ನ್ಯಾಯವಾದ ಪ್ರಶ್ನೆ. ಗುರುವಿನ ವಿದ್ಯೆ, ವಾತ್ಸಲ್ಯ, ಅಧಿಕಾರ ಇವು ಶಿಷ್ಯನ ಮನಸ್ಸಿನ ಮೇಲೆ ಎಷ್ಟು ಬಲವಾಗಿ ಕೆಲಸಮಾಡುತ್ತವೆಂದು ಸೆಮಿನರಿಯಲ್ಲಿ ಓದಿದವರೆಲ್ಲರೂ ಬಲ್ಲರು. ಮಗನನ್ನು ಕಳೆದುಕೊಂಡೆವೆಂದು ಅತ್ತ ಮನೆಯವರ ದುಃಖವೂ ನಿಜವಾದುದೇ. ಇಂಥ ಪ್ರಶ್ನೆಗೆ ಒಂದು ದಿನದ ಉತ್ತರವು ಸಾಲದು. ಇಡೀ ಬಾಳೇ ಉತ್ತರವಾಗಬೇಕು. ಕೌಂಡಿನ್ಯರು ಬಾಸೆಲಿಗೆ ಹೋಗಿ ದೇವಜ್ಞಾನವನ್ನು ಅಭ್ಯಸಿಸಿ, ಅಭಿಷೇಕ ಹೊಂದಿ 1851ರಲ್ಲಿ ಸ್ವದೇಶಕ್ಕೆ ಮರಳಿದರು. ಮಂಗಳೂರಿನ ಸೆಮಿನರಿಯಲ್ಲಿ ಬೋಧಿಸಿದರು. ಕೊಡಗಿನ ಆನಂದಪುರವು ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ. 1893ರಲ್ಲಿ ತೀರಿಕೊಳ್ಳುವ ತನಕ, ಸುಮಾರು ಐವತ್ತು ವರ್ಷ, ಅವರು ತಮ್ಮ ಯೌವನದ ಮಾತಿಗೆ ತಾವೇ ಬಾಧ್ಯರಾಗಿ ನಡೆದರು. ನಿರ್ಣಯವು ಅವರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಏಲಿಯ ಕೆಲಸ

ಹಾಗಾದರೆ ಸಭಾಪಾಲಕನ ಪಾತ್ರವೇನು? 1 ಸಮುವೇಲ 3ನೆಯ ಅಧ್ಯಾಯದಲ್ಲಿ ಇದಕ್ಕೆ ಮಾದರಿಯಿದೆ. ಸಮುವೇಲನು ದೇವಾಲಯಕ್ಕೆ ಬಂದದ್ದು ತಾಯಿಯ ಹರಕೆಯಿಂದ. ಅದು ಅವನ ನಿರ್ಣಯವಲ್ಲ. ಆದರೆ ಯೆಹೋವನು ಅವನನ್ನು ಅವನ ಹೆಸರಿನಿಂದಲೇ ಕರೆದನು. ಮೂರು ಸಲವೂ ಹುಡುಗನು ಏಲಿಯ ಬಳಿಗೆ ಓಡಿದನು. ಏಲಿಯು ಆ ಕರೆಗೆ ತಾನು ಉತ್ತರಿಸಲಿಲ್ಲ. ಕರೆಯುವವನು ಯಾರೆಂದು ಗ್ರಹಿಸಿ, ಹೇಗೆ ಉತ್ತರಿಸಬೇಕೆಂದು ಕಲಿಸಿ, ಹುಡುಗನನ್ನು ಅವನ ಸ್ಥಳಕ್ಕೆ ಹಿಂದಕ್ಕೆ ಕಳುಹಿಸಿದನು. ಬೆಳಗಾದ ಮೇಲೆ ಕೇಳಿದ್ದೇನೆಂದು ವಿಚಾರಿಸಿದನು. ಆ ಸಂದೇಶವು ತನ್ನ ಮನೆತನಕ್ಕೇ ವಿರೋಧವಾಗಿದ್ದರೂ ಅದನ್ನು ಒಪ್ಪಿಕೊಂಡನು.

ಈ ಮೂರು ಹೆಜ್ಜೆಗಳು ನಮ್ಮ ಕೆಲಸವನ್ನು ತೋರಿಸುತ್ತವೆ. ಮೊದಲನೆಯದಾಗಿ, ಪಾಲಕರು ಬಂದಾಗ ತೀರ್ಪು ಕೊಡುವ ಮುನ್ನ ಮಗನನ್ನೋ ಮಗಳನ್ನೋ ಪ್ರತ್ಯೇಕವಾಗಿ ಕಂಡು ಅವರ ಮಾತನ್ನು ಕೇಳಬೇಕು. ಎರಡನೆಯದಾಗಿ, ಅವರು ಉತ್ತರಿಸಲು ಕಲಿಯುವಂತೆ ಮಾಡಬೇಕು: ಈ ದಾರಿಯ ಬೆಲೆಯೇನು, ಅದನ್ನು ತೆರುವವರು ಯಾರು, ತಪ್ಪಿದರೆ ತಪ್ಪು ತನ್ನದೆಂದು ಹೇಳುವ ಧೈರ್ಯವಿದೆಯೇ ಎಂದು ಕೇಳಬೇಕು. ದೃಢೀಕರಣದ ತರಗತಿಯು ಇದಕ್ಕೆ ತಕ್ಕ ಸ್ಥಳ. ಶಿಶುವಾಗಿದ್ದಾಗ ಹೆತ್ತವರು ತಮ್ಮ ಪರವಾಗಿ ಕೊಟ್ಟ ಮಾತನ್ನು ಯೌವನಸ್ಥರು ಸ್ವಂತ ಬಾಯಿಂದ ಅಂಗೀಕರಿಸುವ ಸಂಸ್ಕಾರವದು. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸಿ ಮುಗಿಸಿದರೆ, ಸ್ವಂತ ಉತ್ತರಕ್ಕೆಂದೇ ಇರುವ ದಿನವೂ ಎರವಲು ಉತ್ತರದಿಂದ ಕಳೆದುಹೋಗುತ್ತದೆ. ಮೂರನೆಯದಾಗಿ, ಅವರ ಉತ್ತರವು ನಮ್ಮ ಎಣಿಕೆಗೆ ವಿರುದ್ಧವಾಗಿದ್ದರೂ ಕೇಳಿಸಿಕೊಳ್ಳಬೇಕು. ಅವರು ಎಡವಿದರೆ, ಹೊರಗೆ ಹಾಕಲ್ಪಟ್ಟವನನ್ನು ಕರ್ತನು ಹುಡುಕಿದಂತೆ ನಾವೂ ಹುಡುಕಿಕೊಂಡು ಹೋಗಬೇಕು.

ಇದನ್ನು ಓದುವ ಸೆಮಿನರಿ ವಿದ್ಯಾರ್ಥಿಗಳಲ್ಲಿ ತಾಯಿಯ ಹರಕೆಯಿಂದಲೋ ತಂದೆಯ ಆಸೆಯಿಂದಲೋ ಇಲ್ಲಿಗೆ ಬಂದವರು ಇರಬಹುದು. ಅದು ನಾಚಿಕೆಯ ಸಂಗತಿಯಲ್ಲ. ಸಮುವೇಲನೂ ಹಾಗೆಯೇ ಬಂದನು. ಆದರೆ ಹರಕೆಯು ಬಾಗಿಲ ತನಕ ಮಾತ್ರ ಕರೆತರಬಲ್ಲದು. ಅಭಿಷೇಕದ ದಿನ ಬಿಷಪರು ಕೇಳುವ ಪ್ರಶ್ನೆಗೆ ತಾಯಿ ಉತ್ತರಿಸಲಾರಳು. ಆ ದಿನಕ್ಕೆ ಮುಂಚೆಯೇ ರಾತ್ರಿಯ ಮೌನದಲ್ಲಿ ಒಮ್ಮೆ ನಿಮ್ಮ ಹೆಸರಿನ ಕರೆಯನ್ನು ಕೇಳಿ ನೀವೇ ಉತ್ತರ ಕೊಟ್ಟಿರಬೇಕು. ಹಾಗೆ ಉತ್ತರ ಕೊಟ್ಟವನೇ ಮುಂದೆ ಶಿರೂರಿನ ಮಾಣಿಯೊಬ್ಬನು ತನ್ನ ಮುಂದೆ ಬಂದು ನಿಂತಾಗ, ಅವನ ಪರವಾಗಿ ತಾನು ಮಾತಾಡದೆ, ಅವನ ಮಾತಿಗಾಗಿ ತಾಳ್ಮೆಯಿಂದ ಕಾಯಬಲ್ಲನು.