ಸಿಗಡಿ ಹೊಂಡದ ವೈರಾಣು ಡಿಎನ್‌ಎ ಎಳೆಯನ್ನು ಹಿಡಿಯುವ ಬಗೆ

ಕಾರವಾರದ ಕಾಳಿ ಅಳಿವೆಯಿಂದ ಅಂಕೋಲಾದ ಗಂಗಾವಳಿ ಹಿನ್ನೀರಿನವರೆಗೆ ಸಿಗಡಿ ಸಾಕುವವರು ಅಂಜುವ ಹೆಸರು ಬಿಳಿಚುಕ್ಕೆ ರೋಗ. ಲಕ್ಷಣ ಕಾಣಿಸಿಕೊಂಡ 3ರಿಂದ 10 ದಿನಗಳೊಳಗೆ ಇಡೀ ಹೊಂಡವೇ ಬರಿದಾಗಬಹುದು. 1994ರಲ್ಲಿ ಭಾರತದ ಕರಾವಳಿಯಲ್ಲಿ ಕಾಣಿಸಿಕೊಂಡ ಈ ರೋಗಕ್ಕೆ ಇಂದಿಗೂ ಔಷಧವಿಲ್ಲ.

ರೋಗಕಾರಕ ವೈರಾಣುವಿನ ಡಿಎನ್‌ಎ ಉಂಗುರದಾಕಾರದ್ದು. ಸುಮಾರು 3 ಲಕ್ಷ ಜೋಡಿ ಅಕ್ಷರಗಳಷ್ಟು ಉದ್ದದ್ದು. 2001ರಲ್ಲಿ ವಿಜ್ಞಾನಿಗಳು ಅದನ್ನು ಪೂರ್ಣವಾಗಿ ಓದಿದಾಗ, ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ರೂಪಿಸುವ ಜೀನ್ ಕೂಡ ದೊರೆಯಿತು. ಸಿಗಡಿಯ ಜೀವಕೋಶದೊಳಗೆ ವೈರಾಣುವಿನ ಡಿಎನ್‌ಎಯನ್ನು ನಕಲು ಮಾಡುವ ಹೊಣೆ ಈ ಕಿಣ್ವದ್ದು. ಕಿಕ್ಕಿರಿದ ಕೋಶದಲ್ಲಿ ತನಗೆ ಬೇಕಾದ ಎಳೆಯನ್ನು ಅದು ಗುರುತಿಸುವುದಾದರೂ ಹೇಗೆ?

ನಕಲು ಎಲ್ಲಿಂದ ಆರಂಭವಾಗಬೇಕೆಂದು ತೋರುವುದು ಬೇರೆ ಪ್ರೋಟೀನುಗಳ ಕೆಲಸ. ಪಾಲಿಮರೇಸ್ ಅಕ್ಷರ ಕಲಿಯದ ಕುಶಲಕರ್ಮಿಯಂತೆ, ಎಳೆಯ ಆಕಾರವನ್ನಷ್ಟೇ ಬಲ್ಲದು. ಈ ಬಗೆಯ ಕಿಣ್ವಗಳ ರಚನೆ ಬಲಗೈಯನ್ನು ಹೋಲುತ್ತದೆ: ಅಂಗೈ, ಬೆರಳು, ಹೆಬ್ಬೆರಳು. ಡಿಎನ್‌ಎಯ ಬೆನ್ನೆಲುಬಿನಲ್ಲಿ ಫಾಸ್ಫೇಟ್‌ಗಳ ಋಣ ವಿದ್ಯುದಂಶವಿದೆ. ಕಿಣ್ವದಲ್ಲಿರುವ ಲೈಸಿನ್, ಆರ್ಜಿನಿನ್‌ಗಳ ಧನ ವಿದ್ಯುದಂಶ ಅದನ್ನು ಸೆಳೆಯುತ್ತದೆ. ಜೋಡಿ ಎಳೆ ಮುಗಿದು ಒಂಟಿ ಎಳೆ ಆರಂಭವಾಗುವ ಸಂಧಿಸ್ಥಾನ ಅಂಗೈಗೆ ಬಂದು ಕೂರುತ್ತದೆ. ಹೊಸ ಅಕ್ಷರ ಸರಿಯಾದ ಜೊತೆಯಾಗಿದ್ದರೆ ಬೆರಳುಗಳು ಮುಚ್ಚಿಕೊಳ್ಳುತ್ತವೆ, ಎರಡು ಮೆಗ್ನೀಸಿಯಂ ಅಯಾನುಗಳ ನೆರವಿನಿಂದ ಬೆಸುಗೆ ನಡೆಯುತ್ತದೆ. ತಪ್ಪು ಜೋಡಿಯ ಅಗಲ, ಆಕಾರ ಹೊಂದುವುದಿಲ್ಲ. ಬೆರಳುಗಳು ಸರಿಯಾಗಿ ಮುಚ್ಚುವುದಿಲ್ಲ.

ಸಿಗಡಿಯ ಸ್ವಂತ ಪಾಲಿಮರೇಸ್‌ಗಳೂ ಹೆಚ್ಚುಕಡಿಮೆ ಹೀಗೆಯೇ ಹಿಡಿಯುತ್ತವೆ. ವೈರಾಣುವಿನ ಕೈಯನ್ನಷ್ಟೇ ಕಟ್ಟಿಹಾಕುವ ಮದ್ದು ಸುಲಭವಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ವಿಚಿತ್ರವೆಂದರೆ, ರೋಗ ಪತ್ತೆಗೂ ನೆರವಾಗುವುದು ಇದೇ ಗುಣ. ಪಿಸಿಆರ್ ಪರೀಕ್ಷೆಯಲ್ಲಿ, ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದ ಪಾಲಿಮರೇಸ್‌ನೊಡನೆ ವೈರಾಣುವಿನ ಡಿಎನ್‌ಎಗೆ ಮಾತ್ರ ಅಂಟುವ ಎರಡು ಕಿರು ತುಣುಕುಗಳನ್ನು ಬೆರೆಸಲಾಗುತ್ತದೆ. ಅಕ್ಷರ ಗುರುತಿಸುವುದು ತುಣುಕು. ಅದು ಅಂಟಿದಲ್ಲಿ ಸಂಧಿ ಉಂಟಾಗಿ ಕಿಣ್ವ ಕೂರುತ್ತದೆ, ನಕಲುಗಳು ದ್ವಿಗುಣಗೊಳ್ಳುತ್ತ ಹೋಗುತ್ತವೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಈ ದಿಸೆಯಲ್ಲಿ ಶ್ರಮಿಸಿದವರು.

ಹೊಂಡಕ್ಕೆ ಬಿಡುವ ಮುನ್ನ ಮರಿಗಳನ್ನು ಹೀಗೆ ಪರೀಕ್ಷಿಸಬಹುದು. ಆದರೆ ಮರಿ ಶುದ್ಧವಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಭರತದ ನೀರಿನೊಡನೆ ತೂಬಿನಲ್ಲಿ ನುಸುಳುವ ಏಡಿಗಳೂ ವೈರಾಣು ತರಬಲ್ಲವು. ರೋಗ ಬಿದ್ದ ಹೊಂಡದ ನೀರನ್ನು ಕ್ಲೋರಿನ್ ಹಾಕದೆ ಹೊಳೆಗೆ ಬಿಟ್ಟರಂತೂ, ಮುಂದಿನ ಭರತದಲ್ಲಿ ಅದೇ ನೀರು ನೆರೆಯವನ ತೂಬನ್ನು ಸೇರುತ್ತದೆ.