ಚೆನ್ನೈನ ದೀಪಸ್ತಂಭ: ನಾಲ್ಕು ನೆಲೆಗಳು, ಒಂದೇ ಕರ್ತವ್ಯ

ಕನ್ನಡದಲ್ಲಿ ‘ದೀಪಸ್ತಂಭ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ದೇವಾಲಯದ ಮುಂದೆ ನಿಲ್ಲಿಸಿದ ಕಲ್ಲಿನ ಕಂಬ ಒಂದು. ಕಡಲ ತೀರದಲ್ಲಿ ನಿಂತು ಹಡಗುಗಳಿಗೆ ದಾರಿ ತೋರುವ ಗೋಪುರ ಇನ್ನೊಂದು. ಈ ಎರಡನೆಯದು ಊರು ಕೇಳದೆ, ದೇಶ ಕೇಳದೆ ಎಲ್ಲ ನಾವಿಕರಿಗೂ ಸಮಾನವಾಗಿ ಬೆಳಕು ನೀಡುತ್ತದೆ. ಚೆನ್ನೈ ದೀಪಸ್ತಂಭದ ಇನ್ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸದಲ್ಲಿ ಈ ಗುಣವೇ ಅದರ ಹಿರಿಮೆಯಾಗಿದೆ. ಒಮ್ಮೆ ಅದೇ ಸಂಕಟಕ್ಕೂ ಕಾರಣವಾಗಿದೆ.

ಮೊದಲ ಮೂರು ನೆಲೆಗಳು

ಮದರಾಸಿಗೆ ನಿಸರ್ಗದತ್ತವಾದ ಬಂದರು ಇರಲಿಲ್ಲ. ತಗ್ಗಾದ ಮರಳಿನ ತೀರಕ್ಕೆ ಅಲೆಗಳು ಸದಾ ಅಪ್ಪಳಿಸುತ್ತಿದ್ದುದರಿಂದ ಹಡಗುಗಳು ದೂರದಲ್ಲಿಯೇ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ ಮಸೂಲಾ ದೋಣಿಗಳು ಜನರನ್ನೂ ಸರಕನ್ನೂ ದಡ ಸೇರಿಸುತ್ತಿದ್ದವು. ಇಂತಹ ತೀರವನ್ನು ರಾತ್ರಿಯ ಕತ್ತಲಲ್ಲಿ ಗುರುತಿಸುವುದು ನಾವಿಕರಿಗೆ ಅತಿ ಕಠಿಣವಾಗಿತ್ತು.

1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ ಕಟ್ಟಡವೊಂದರ ಮಾಳಿಗೆಯ ಮೇಲೆ ಮೊದಲ ದೀಪವನ್ನು ಸ್ಥಾಪಿಸಲಾಯಿತು. ಅದು ತೆಂಗಿನೆಣ್ಣೆಯಿಂದ ಉರಿಯುತ್ತಿತ್ತು. ಆ ಕಟ್ಟಡವು ಈಗ ಕೋಟೆಯ ವಸ್ತುಸಂಗ್ರಹಾಲಯವಾಗಿದೆ. ಅನಂತರ ಕ್ಯಾಪ್ಟನ್ ಜೆ. ಟಿ. ಸ್ಮಿತ್ ಅವರ ಮೇಲ್ವಿಚಾರಣೆಯಲ್ಲಿ, ಕೋಟೆಯ ಉತ್ತರಕ್ಕೆ, ಗ್ರೀಕರ ಡೋರಿಕ್ ಶೈಲಿಯ ಕಲ್ಲಿನ ಸ್ತಂಭವನ್ನು ನಿರ್ಮಿಸಲಾಯಿತು. 1844ರಿಂದ ಅಲ್ಲಿ ದೀಪ ಬೆಳಗಿತು. 1892ರಲ್ಲಿ ಅದರ ಪಕ್ಕದಲ್ಲಿಯೇ ಉಚ್ಚ ನ್ಯಾಯಾಲಯದ ಭವ್ಯ ಕಟ್ಟಡವು ಪೂರ್ಣಗೊಂಡಿತು. ಅದರ ಪ್ರಧಾನ ಗೋಪುರವು ಸ್ತಂಭಕ್ಕಿಂತ ಎತ್ತರವಾಗಿದ್ದುದರಿಂದ 1894ರಲ್ಲಿ ದೀಪವನ್ನು ಅಲ್ಲಿಗೆ ಸ್ಥಳಾಂತರಿಸಲಾಯಿತು. ಹಳೆಯ ಸ್ತಂಭವು ನ್ಯಾಯಾಲಯದ ಆವರಣದಲ್ಲಿ ಇಂದಿಗೂ ನಿಂತಿದೆ.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ‘ಎಂಡೆನ್’ ಯುದ್ಧನೌಕೆಯು ಮದರಾಸಿನ ಮೇಲೆ ಗುಂಡಿನ ಮಳೆಗರೆದು ತೈಲದ ತೊಟ್ಟಿಗಳಿಗೆ ಬೆಂಕಿ ಹಚ್ಚಿತು. ಅಂದು ನ್ಯಾಯಾಲಯದ ಗೋಪುರದ ದೀಪವು ಎಂದಿನಂತೆ ಉರಿಯುತ್ತಿತ್ತು. ಆ ಬೆಳಕೇ ತಮಗೆ ದಾರಿ ತೋರಿತೆಂದು ಹಡಗಿನ ಅಧಿಕಾರಿಯೊಬ್ಬರು ಮುಂದೆ ಬರೆದಿದ್ದಾರೆ. ದೀಪವು ಮಿತ್ರರೆಂದೂ ಶತ್ರುಗಳೆಂದೂ ಭೇದ ಎಣಿಸದು. ಆದುದರಿಂದಲೇ ಅದರ ರಕ್ಷಣೆಯ ಹೊಣೆಯು ಅದನ್ನು ನಡೆಸುವವರ ಮೇಲಿರುತ್ತದೆ.

ಮರೀನಾ ತೀರದ ಗೋಪುರ

ಈಗಿನ ದೀಪಸ್ತಂಭವು 1977ರ ಜನವರಿ 10ರಂದು ಮರೀನಾ ತೀರದಲ್ಲಿ ಕಾರ್ಯಾರಂಭ ಮಾಡಿತು. ಕೆಂಪು ಮತ್ತು ಬಿಳಿ ಪಟ್ಟಿಗಳುಳ್ಳ ಈ ಮುಮ್ಮೂಲೆಯ ಕಾಂಕ್ರೀಟ್ ಗೋಪುರದ ಎತ್ತರ ಸುಮಾರು 46 ಮೀಟರ್. ದೀಪವು ಸಮುದ್ರ ಮಟ್ಟದಿಂದ ಸುಮಾರು 57 ಮೀಟರ್ ಎತ್ತರದಲ್ಲಿದೆ. ಭೂಮಿಯ ಮೇಲ್ಮೈ ಬಾಗಿರುವುದರಿಂದ ದೀಪವು ಎತ್ತರವಾದಷ್ಟೂ ಹೆಚ್ಚು ದೂರಕ್ಕೆ ಕಾಣುತ್ತದೆ. ಇಲ್ಲಿನ ಬೆಳಕಿನ ವ್ಯಾಪ್ತಿ 28 ನಾವಿಕ ಮೈಲಿ, ಎಂದರೆ ಸುಮಾರು 52 ಕಿಲೋಮೀಟರ್. ಪ್ರತಿ 10 ಸೆಕೆಂಡಿಗೆ ಎರಡು ಬಾರಿ ಮಿಂಚುವುದು ಈ ದೀಪದ ಗುರುತು. ಮಿಂಚುಗಳನ್ನು ಎಣಿಸಿ, ನಕ್ಷೆಯೊಡನೆ ಹೋಲಿಸಿ, ತಾವು ಯಾವ ತೀರದ ಬಳಿ ಇರುವೆವೆಂಬುದನ್ನು ನಾವಿಕರು ನಿಶ್ಚಯಿಸುತ್ತಾರೆ. ಉಪಗ್ರಹಗಳು ಸ್ಥಾನ ತಿಳಿಸುವ ಇಂದಿನ ದಿನಗಳಲ್ಲಿಯೂ, ಉಪಕರಣ ಕೆಟ್ಟಾಗ ಕಣ್ಣಿಗೆ ಕಾಣುವ ಬೆಳಕೇ ಆಸರೆಯಾಗುತ್ತದೆ.

ಸಾರ್ವಜನಿಕರಿಗೆ ಪ್ರವೇಶ

1990ರ ದಶಕದ ಆರಂಭದಲ್ಲಿ ಭದ್ರತೆಯ ಕಾರಣದಿಂದ ಈ ಗೋಪುರಕ್ಕೆ ಸಾರ್ವಜನಿಕರ ಪ್ರವೇಶವನ್ನು ನಿಲ್ಲಿಸಲಾಯಿತು. ಇಪ್ಪತ್ತು ವರ್ಷಗಳಷ್ಟು ಕಾಲ ನಗರದ ಮಕ್ಕಳು ಇದನ್ನು ಕೆಳಗಿನಿಂದ ನೋಡುತ್ತಲೇ ಬೆಳೆದರು. ಆ ಅವಧಿಯಲ್ಲಿಯೂ ದೀಪವು ಹಡಗುಗಳಿಗಾಗಿ ಬೆಳಗುತ್ತಲೇ ಇತ್ತು. 2013ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದು, ಗೋಪುರದ ಬಾಗಿಲು ಮತ್ತೆ ತೆರೆಯಿತು.

ಗೋಪುರದಲ್ಲಿ ಲಿಫ್ಟ್ ಸೌಕರ್ಯವಿರುವುದು ಇದರ ವಿಶೇಷ. ವೀಕ್ಷಣಾ ಗ್ಯಾಲರಿಯಿಂದ ಮರೀನಾದ ಮರಳ ಹರವು, ಬೆಸ್ತರ ದೋಣಿಗಳು, ದಕ್ಷಿಣಕ್ಕೆ ಸ್ಯಾಂತೋಮ್ ಚರ್ಚಿನ ಬಿಳಿಯ ಶಿಖರ ಕಾಣುತ್ತವೆ. ನಗರ ರೈಲಿನಲ್ಲಿ ಬರುವವರು ದೀಪಸ್ತಂಭದ ಹೆಸರನ್ನೇ ಹೊತ್ತ ‘ಕಲಂಗರೈ ವಿಳಕ್ಕಂ’ ನಿಲ್ದಾಣದಲ್ಲಿ ಇಳಿಯಬಹುದು. ಪ್ರವೇಶಕ್ಕೂ ಕ್ಯಾಮೆರಾಕ್ಕೂ ಪ್ರತ್ಯೇಕ ಶುಲ್ಕವಿದೆ. ಸೋಮವಾರ ಸಾಮಾನ್ಯವಾಗಿ ರಜೆ. ಮಧ್ಯಾಹ್ನದ ಬಿಡುವೂ ಉಂಟು. ಆದುದರಿಂದ ದಿನದ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು. ಇದು ಕೆಲಸ ಮಾಡುತ್ತಿರುವ ದೀಪಸ್ತಂಭವಾದುದರಿಂದ ಉಪಕರಣಗಳನ್ನು ಮುಟ್ಟದೆ, ಸಿಬ್ಬಂದಿಯ ಸೂಚನೆಗಳನ್ನು ಪಾಲಿಸುವುದು ಪ್ರತಿಯೊಬ್ಬ ಸಂದರ್ಶಕನ ಕರ್ತವ್ಯ.

ದೇಶದ ದೀಪಸ್ತಂಭಗಳ ಆಡಳಿತಕ್ಕೆ ಆಧಾರವಾಗಿದ್ದ 1927ರ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಹೊಸ ಕಾಯಿದೆ ಬಂದಿದೆ. ಪಾರಂಪರಿಕ ದೀಪಸ್ತಂಭಗಳನ್ನು ಗುರುತಿಸಿ ಸಂರಕ್ಷಿಸಲು ಅದರಲ್ಲಿ ಅವಕಾಶವಿದೆ. ಆದರೆ ಯಾವುದೇ ಸ್ಮಾರಕವು ಜನರ ಆದರದಿಂದಲೇ ಉಳಿಯತಕ್ಕದ್ದು. ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರೂ ಅಲ್ಲಿಗೆ ಪ್ರವಾಸ ಹೋಗುವವರೂ ತಮ್ಮ ಮಕ್ಕಳಿಗೆ ಈ ಗೋಪುರವನ್ನು ತೋರಿಸಲಿ. ಇರುಳಿನಲ್ಲಿ ತೀರದಲ್ಲಿ ನಿಂತು ಆ ಎರಡು ಮಿಂಚುಗಳನ್ನು ಎಣಿಸಲು ಕಲಿಸಲಿ.